ಅಂಜನಾದ್ರಿಯ ಮೆಟ್ಟಿಲಲ್ಲಿ ವಿಯೆಟ್ನಾಂ ತಾಲೀಮು

ಬೆನ್ನುಚೀಲ ಹೊತ್ತು ವಿದೇಶಕ್ಕೆ ಹೊರಡುವವರಿಗೆ ನಾನು ಮೊದಲು ಹೇಳುವುದು, ಚೀಲ ತುಂಬಿಕೊಂಡು ಅಂಜನಾದ್ರಿ ಹತ್ತಿ ಎಂದು. ಗಂಗಾವತಿಯವನಾದ ನಾನು ವಿಯೆಟ್ನಾಂಗೆ ಹೋಗುವ ಮುನ್ನ ಹನ್ನೊಂದು ಕಿಲೋ ಹೊತ್ತು ಆ 575 ಮೆಟ್ಟಿಲು ಹತ್ತಿದೆ. ಅರ್ಧ ದಾರಿಗೇ ಪಟ್ಟಿ ಭುಜವನ್ನು ಕೊರೆದು ಕೆಂಪು ಗೆರೆ ಎದ್ದಿತ್ತು. ಮನೆಗೆ ಬಂದು ಜೀನ್ಸ್, ಎರಡನೇ ಜೋಡಿ ಶೂ, ದಪ್ಪ ಟವೆಲ್ ತೆಗೆದಿಟ್ಟೆ, ಏಳು ಕಿಲೋಗೆ ಇಳಿಯಿತು. ಸೊಂಟದ ಪಟ್ಟಿಯನ್ನು ಮೊದಲು ಬಿಗಿಯಿರಿ, ಭುಜದ್ದನ್ನು ಆಮೇಲೆ. ಭಾರ ಸೊಂಟದ ಮೇಲೆ ಕೂರಬೇಕು.

ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ. ವಿಯೆಟ್ನಾಂ ಇ-ವೀಸಾ 90 ದಿನಗಳವರೆಗೆ ಸಿಗುತ್ತದೆ, ಒಂದು ಪ್ರವೇಶಕ್ಕೆ 25 ಡಾಲರ್. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ನಮ್ಮ ಕಡೆಯ ಇನಿಷಿಯಲ್‌ಗಳು ಇಲ್ಲಿಯೇ ಕೈಕೊಡುತ್ತವೆ, ದಯವಿಟ್ಟು ಎರಡು ಸಲ ನೋಡಿ. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ.

ಸಸ್ಯಾಹಾರಿಗಳು ಅಲ್ಲಿ ‘ಆನ್ ಚಾಯ್’ ಎಂದರೆ ಸಾಕು. ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿನ ಅನೇಕ ಬೌದ್ಧರೂ ಮಾಂಸ ಬಿಡುತ್ತಾರೆ. ಆದರೂ ಸ್ಟೀಲ್ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಹನೋಯಿಯಿಂದ ಹೊರಟ ರೈಲಿನಲ್ಲಿ ಎದುರು ಕುಳಿತ ಅಜ್ಜಿ ನನ್ನ ರೊಟ್ಟಿಯನ್ನು ಲಟಕ್ಕೆಂದು ಮುರಿದು, ಪುಡಿ ಅದ್ದಿ ತಿಂದು, ಒಂದು ಕಿತ್ತಳೆಯನ್ನು ಸುಲಿದು ನನ್ನ ಅಂಗೈಯಲ್ಲಿಟ್ಟರು.