ತಂಗಿಯ ಮಗು, ಅಮೆರಿಕದ ಪಾಸ್‌ಪೋರ್ಟು: ದತ್ತು ತೆಗೆದುಕೊಳ್ಳುವುದು ಹೇಗೆ?

ಅಕ್ಕನಿಗೆ ಮಕ್ಕಳಿಲ್ಲದಿದ್ದರೆ ತಂಗಿ ತನ್ನ ಎರಡನೆಯ ಮಗುವನ್ನು ಅವಳ ಮಡಿಲಿಗೆ ಹಾಕುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಧಾರವಾಡದಿಂದ ಮುಂಬೈ ಬಳಿಯ ಡೊಂಬಿವಿಲಿಗೆ ಹಾಗೆ ಒಂದು ಮಗು ಬಂದರೆ ಅಕ್ಕಪಕ್ಕದವರೂ ಕೇಳುವುದಿಲ್ಲ. ಅದೇ ಮಗು ನ್ಯೂಜೆರ್ಸಿಯಿಂದ ಬಂದರೆ ಮಾತ್ರ ಎರಡು ಸರ್ಕಾರಗಳು ಕೇಳುತ್ತವೆ. ಆ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧ ಮಾಡಿಕೊಳ್ಳದೆ ಮಗುವನ್ನು ವಿಮಾನ ಹತ್ತಿಸಿಬಿಡುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು.

2025ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಇಂಥದೇ ಪ್ರಕರಣ ಬಂತು. ಅಮೆರಿಕದಲ್ಲಿ 2019ರಲ್ಲಿ ಹುಟ್ಟಿ ಅಲ್ಲಿನ ಪ್ರಜೆಯಾಗಿದ್ದ ಹುಡುಗನನ್ನು ಭಾರತದ ಬಂಧುಗಳು ಕೆಲವೇ ತಿಂಗಳ ಕೂಸಾಗಿದ್ದಾಗ ಕರೆತಂದು ಸಾಕಿದ್ದರು. ದತ್ತಕಕ್ಕೆ ಅರ್ಜಿ ಹಾಕಿದಾಗ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರೂ ‘ಕಾರಾ’ ಎನ್ನುವ ಸಂಸ್ಥೆ, ಒಪ್ಪಲಿಲ್ಲ. ಬಂಧುವೇ ಆಗಿದ್ದರೂ ಅಮೆರಿಕದ ಪ್ರಜೆಯಾದ ಮಗುವನ್ನು ದತ್ತು ಪಡೆಯುವುದು ಭಾರತೀಯರ ಮೂಲಭೂತ ಹಕ್ಕಲ್ಲ, ದತ್ತಕದ ವಿಧಿಗಳನ್ನು ಮೊದಲು ಅಮೆರಿಕದಲ್ಲೇ ಮುಗಿಸಬೇಕು ಎಂದಿತು ನ್ಯಾಯಾಲಯ. ಅಷ್ಟು ವರ್ಷ ಸಾಕಿದ ಮೇಲೆ ಈ ಉತ್ತರ ಕೇಳುವುದು ಯಾರಿಗೂ ಬೇಡ.

ಮೊದಲು ಪಾಸ್‌ಪೋರ್ಟು ನೋಡಿ

ಮಗು ಎಲ್ಲಿ ಹುಟ್ಟಿತು ಎನ್ನುವುದಕ್ಕಿಂತ ಅದು ಯಾವ ದೇಶದ ಪ್ರಜೆ ಎನ್ನುವುದು ಮುಖ್ಯ. ದುಬೈ, ದೋಹಾ, ಕುವೈತ್‌ಗಳಲ್ಲಿ ಭಾರತೀಯ ತಂದೆ-ತಾಯಿಗೆ ಹುಟ್ಟಿದ ಮಕ್ಕಳಿಗೆ ಅಲ್ಲಿನ ಪೌರತ್ವ ಸಿಗುವುದಿಲ್ಲ. ಅವರ ಕೈಯಲ್ಲಿರುವುದು ಸಾಮಾನ್ಯವಾಗಿ ನಮ್ಮದೇ ಪಾಸ್‌ಪೋರ್ಟು. ಅಮೆರಿಕದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ‘ಒಸಿಐ ಕಾರ್ಡ್ ಇದೆಯಲ್ಲ’ ಎಂದು ಹಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಎಂದು ಹೆಸರಿನಲ್ಲಿ ‘ಸಿಟಿಜನ್’ ಇದ್ದರೂ ಒಸಿಐ ಪೌರತ್ವವಲ್ಲ. ಎಷ್ಟು ದಿನ ಬೇಕಾದರೂ ಇಲ್ಲಿರಲು, ಓದಲು ಅದು ಸಾಕು. ದತ್ತಕದ ಲೆಕ್ಕದಲ್ಲಿ ಆ ಮಗು ವಿದೇಶಿಯೇ.

ಹೀಗಾಗಿ ಮಸ್ಕತ್‌ನಲ್ಲಿರುವ ತಮ್ಮನ ಮಗು ಮತ್ತು ನ್ಯೂಜೆರ್ಸಿಯಲ್ಲಿರುವ ತಂಗಿಯ ಮಗು ಒಂದೇ ಅಜ್ಜಿಯ ಮೊಮ್ಮಕ್ಕಳಾದರೂ ದಾರಿ ಬೇರೆ ಬೇರೆ. ಮಸ್ಕತ್ತಿನದು ಸುಲಭ, ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಕಾನೂನಿನ ಕಣ್ಣಿಗೆ ಬಂಧುವೇ?

ನಮ್ಮ ಭಾಷೆಯ ಧಾರಾಳತನವೇ ಇಲ್ಲಿ ತೊಡಕು. ಚಿಕ್ಕಪ್ಪನ ಮಗನನ್ನೂ ‘ಅಣ್ಣ’ ಎನ್ನುತ್ತೇವೆ, ಅವನ ಮಕ್ಕಳು ನಮ್ಮನ್ನು ‘ಚಿಕ್ಕಪ್ಪ’ ಎನ್ನುತ್ತಾರೆ. 2015ರ ಬಾಲ ನ್ಯಾಯ ಕಾಯ್ದೆಗೆ ಇದು ಗೊತ್ತಿಲ್ಲ. ಅದರ ಪ್ರಕಾರ ದತ್ತಕದ ಮಟ್ಟಿಗೆ ಬಂಧು ಎಂದರೆ ಮಗುವಿನ ತಂದೆಯ ಅಥವಾ ತಾಯಿಯ ಅಣ್ಣತಮ್ಮ, ಅಕ್ಕತಂಗಿಯರು ಮತ್ತು ಎರಡೂ ಕಡೆಯ ಅಜ್ಜ-ಅಜ್ಜಿ. ಅಷ್ಟೇ. ಕಸಿನ್‌ನ ಮಗು ಎಷ್ಟೇ ಹತ್ತಿರದ್ದಾದರೂ ಈ ಪಟ್ಟಿಯೊಳಗೆ ಬರುವುದಿಲ್ಲ.

ಪಟ್ಟಿಯೊಳಗಿದ್ದರೆ ಕೆಲವು ರಿಯಾಯಿತಿಗಳಿವೆ. ದತ್ತು ಪಡೆಯುವವರ ವಯಸ್ಸಿನ ಮಿತಿ ಬಂಧುಗಳಿಗೆ ಅನ್ವಯಿಸುವುದಿಲ್ಲ. ಮನೆಯಲ್ಲಿ ಈಗಾಗಲೇ ಎರಡು ಮಕ್ಕಳಿದ್ದರೂ ಅಡ್ಡಿಯಿಲ್ಲ. ಆದರೆ ಒಂಟಿ ಗಂಡಸು ಹೆಣ್ಣುಮಗುವನ್ನು ದತ್ತು ಪಡೆಯುವಂತಿಲ್ಲ.

ನಿಜವಾಗಿ ದತ್ತಕವೇ ಬೇಕೇ?

ಕಾಗದ ಹಿಡಿದು ಓಡಾಡುವ ಮುಂಚೆ ಎರಡೂ ಮನೆಯವರು ಒಂದು ಸಂಜೆ ಕೂತು ಮಾತಾಡಿ. ತಂಗಿಗೆ ಕಾಯಿಲೆ, ಅಥವಾ ಗಂಡ-ಹೆಂಡತಿ ಇಬ್ಬರ ಕೆಲಸದ ಗೋಜಿನಲ್ಲಿ ನಾಲ್ಕು ವರ್ಷ ಮಗು ಮುಂಬೈಯಲ್ಲಿ ಓದಬೇಕು ಎನ್ನುವುದಷ್ಟೇ ಆದರೆ ದತ್ತಕ ಬೇಕಾಗಿಲ್ಲ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಡಿ ನ್ಯಾಯಾಲಯದಿಂದ ಪಾಲಕತ್ವ ಪಡೆಯುವ ದಾರಿಯಿದೆ. ಅದರಲ್ಲಿ ಅಪ್ಪ ಅಪ್ಪನಾಗಿಯೇ, ಅಮ್ಮ ಅಮ್ಮನಾಗಿಯೇ ಉಳಿಯುತ್ತಾರೆ. ದತ್ತಕ ಹಾಗಲ್ಲ. ಆದೇಶವಾದ ದಿನದಿಂದ ಹೆತ್ತವರ ಜೊತೆಗಿನ ಕಾನೂನಿನ ನಂಟು ಕಡಿದು ಹೋಗುತ್ತದೆ, ಹುಟ್ಟಿದ ಮನೆಯಲ್ಲಿ ಮುಂದೆ ಉತ್ತರಾಧಿಕಾರ ಇರುವುದಿಲ್ಲ. ಆಗಲೇ ಮಗುವಿಗೆ ಬಂದಿರುವ ಆಸ್ತಿ ಮಾತ್ರ ಮಗುವಿಗೇ. ‘ಮುಂದೆ ಬೇಕಾದರೆ ವಾಪಸ್ ಕರೆದುಕೊಂಡರಾಯಿತು’ ಎಂಬ ಮಾತು ಈ ಹೊತ್ತಿನಲ್ಲಿ ಯಾರ ಬಾಯಿಂದಾದರೂ ಬಂದರೆ ಅಲ್ಲಿಗೇ ನಿಲ್ಲಿಸಿ. ಅವರಿಗೆ ಬೇಕಿರುವುದು ಪಾಲಕತ್ವ.

ಅಮೆರಿಕದ ಮಗುವಾದರೆ: ಇಲ್ಲಿಂದ ಒಪ್ಪಿಗೆ, ಅಲ್ಲಿ ಆದೇಶ, ಆಮೇಲೆ ವಿಮಾನ

ಈ ಕ್ರಮ ತಪ್ಪಬಾರದು. ಇದರ ಹಿಂದಿರುವುದು ದೇಶದಿಂದ ದೇಶಕ್ಕೆ ನಡೆಯುವ ದತ್ತಕಗಳ ಕುರಿತ 1993ರ ಹೇಗ್ ಒಪ್ಪಂದ. ಭಾರತ 2003ರಲ್ಲಿ ಅದನ್ನು ಅನುಮೋದಿಸಿತು, ಅಮೆರಿಕದಲ್ಲಿ ಅದು 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದತ್ತಕ ಮುಂದುವರಿಯಬಹುದು ಎಂದು ಎರಡೂ ದೇಶಗಳ ಕೇಂದ್ರ ಪ್ರಾಧಿಕಾರಗಳು (ನಮ್ಮಲ್ಲಿ ಕಾರಾ) ಮೊದಲೇ ಒಪ್ಪಬೇಕು; ಮಗು ಬಂದು ನೆಲೆಸಲು ಬರಮಾಡಿಕೊಳ್ಳುವ ದೇಶ ಅನುಮತಿ ಕೊಡುತ್ತದೆ ಎಂಬುದೂ ಮೊದಲೇ ಖಚಿತವಾಗಬೇಕು. ಒಪ್ಪಂದ ನೋಡುವುದು ಮಗು ವಾಡಿಕೆಯಾಗಿ ಎಲ್ಲಿ ವಾಸವಾಗಿದೆ ಎನ್ನುವುದನ್ನು. ಮಗುವನ್ನು ಪುಣೆಗೆ ತಂದು ಐದು ವರ್ಷ ಇಟ್ಟುಕೊಂಡರೆ ಯಾವ ದೇಶ ಯಾವ ದೇಶಕ್ಕೆ ಪತ್ರ ಬರೆಯಬೇಕು ಎಂಬುದೇ ಗೋಜಲಾಗುತ್ತದೆ.

ನಿಮ್ಮ ಕಡೆಯ ಕೆಲಸ ಶುರುವಾಗುವುದು ಕಾರಾದಿಂದ. ಅದರ ನಿರ್ದೇಶನದಂತೆ ಗೃಹ ಅಧ್ಯಯನ ವರದಿ ತಯಾರಾಗುತ್ತದೆ. ಬಾಯಿಮಾತಿನಲ್ಲಿ ಇದು ‘ಹೋಮ್ ಸ್ಟಡಿ’. ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ, ಗಂಡ-ಹೆಂಡತಿಯನ್ನು ಒಟ್ಟಿಗೂ ಬೇರೆ ಬೇರೆಯಾಗಿಯೂ ಮಾತಾಡಿಸುವುದುಂಟು. ಮನೆಗೆ ಸುಣ್ಣಬಣ್ಣ ಮಾಡಿಸಬೇಕಾಗಿಲ್ಲ. ವನ್ ಬಿಎಚ್‌ಕೆ ಆದರೂ ಮಗು ಎಲ್ಲಿ ಮಲಗುತ್ತದೆ, ನೀವಿಬ್ಬರೂ ಕೆಲಸಕ್ಕೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎನ್ನುವುದಕ್ಕೆ ನೇರ ಉತ್ತರ ಇರಲಿ.

ನಿಮ್ಮ ಜಿಲ್ಲೆ ಯಾವುದು ಎಂದು ಸರಿಯಾಗಿ ತಿಳಿದುಕೊಳ್ಳಿ. ಎಲ್ಲವನ್ನೂ ‘ಬೊಂಬಾಯಿ’ ಎನ್ನುವುದು ನಮ್ಮ ಅಭ್ಯಾಸ. ಮಾಟುಂಗ ಮುಂಬೈ ನಗರ ಜಿಲ್ಲೆ, ಮುಲುಂಡ್ ಮುಂಬೈ ಉಪನಗರ ಜಿಲ್ಲೆ, ಡೊಂಬಿವಿಲಿ ಠಾಣೆ, ವಸಾಯಿ ಪಾಲ್ಘರ್, ಪನವೇಲ್ ರಾಯಗಡ. ದತ್ತಕದ ಕೆಲಸ ನೋಡುವ ಮಕ್ಕಳ ರಕ್ಷಣಾ ಘಟಕ ಇರುವುದು ಜಿಲ್ಲೆಗೊಂದರಂತೆ. ತಪ್ಪು ಕಚೇರಿಗೆ ಹೋದರೆ ಲೋಕಲ್ ಟ್ರೈನಿನ ಒಂದು ದಿನ ಹಾಳು.

ಕಾಗದಗಳು: ಜನನದ ದಾಖಲೆ, ಪ್ಯಾನ್, ವಿಳಾಸದ ಪುರಾವೆ, ವರಮಾನದ ಪುರಾವೆ, ವೈದ್ಯಕೀಯ ಪ್ರಮಾಣಪತ್ರ, ಮದುವೆಯ ಪ್ರಮಾಣಪತ್ರ, ಪರಿಚಿತರಿಬ್ಬರ ಪತ್ರ, ಮನೆಯಲ್ಲಿ ಐದು ವರ್ಷ ದಾಟಿದ ಮಕ್ಕಳಿದ್ದರೆ ಅವರ ಒಪ್ಪಿಗೆ. ನಮ್ಮವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಮಹಾರಾಷ್ಟ್ರದ ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ನಡುವೆ, ಊರಿನ ಹೆಸರು ಅಡ್ಡಹೆಸರು, ಹೆಂಡತಿಯ ಹೆಸರಂತೂ ಮದುವೆಗೆ ಮುಂಚೆ ಒಂದು, ಆಮೇಲೆ ಇನ್ನೊಂದು. ತಂಗಿಯೂ ನೀವೂ ಒಂದೇ ತಾಯಿಯ ಮಕ್ಕಳು ಎಂದು ಕಾಗದದಲ್ಲಿ ತೋರಿಸಬೇಕಾಗಿರುವುದರಿಂದ ಇಬ್ಬರ ದಾಖಲೆಯಲ್ಲೂ ಅಪ್ಪ-ಅಮ್ಮನ ಹೆಸರು ಒಂದೇ ರೀತಿ ಇದೆಯೇ ನೋಡಿ. ಇಲ್ಲವಾದರೆ ಅಫಿಡವಿಟ್, ಗೆಜೆಟ್ ಕೆಲಸವನ್ನು ಈಗಲೇ ಮಾಡಿಸಿ. ಊರಿನ ದೇವಸ್ಥಾನದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೆ ಬಿಟ್ಟವರು ಅದನ್ನೂ ಮುಗಿಸಿಕೊಳ್ಳಿ.

ವರದಿ ಕೈಸೇರಿದ ಮೇಲೆ ಹೇಗ್ ಒಪ್ಪಂದದ 5 ಮತ್ತು 17ನೇ ವಿಧಿಗಳ ಪ್ರಕಾರ ಒಪ್ಪಿಗೆ ಕೊಡುವುದು ಕಾರಾದ ಕೆಲಸ.

ಅಲ್ಲಿಯ ಕೆಲಸ ತಂಗಿಯ ಮನೆಯವರದು. ಮಾನ್ಯತೆ ಪಡೆದ ದತ್ತು ಸಂಸ್ಥೆಯೊಂದು ಮಗುವಿನ ಹಿನ್ನೆಲೆಯ ವರದಿ ಬರೆಯುತ್ತದೆ, ಅವರು ವಾಸವಿರುವ ರಾಜ್ಯದ ನ್ಯಾಯಾಲಯ ಆದೇಶ ಕೊಡುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆಯಾದ್ದರಿಂದ ಟೆಕ್ಸಾಸ್‌ನ ಗೆಳತಿಯ ಅನುಭವ ನ್ಯೂಜೆರ್ಸಿಗೆ ಹೊಂದಬೇಕೆಂದಿಲ್ಲ. ಅಲ್ಲಿಯ ವಕೀಲರೇ ಬೇಕು. ಎಲ್ಲವೂ ಒಪ್ಪಂದದಂತೆ ನಡೆದಿದೆ ಎಂಬ ಹೇಗ್ ಪ್ರಮಾಣಪತ್ರವನ್ನು ಕೊನೆಗೆ ಕೊಡುವುದು ಅಮೆರಿಕದ ವಿದೇಶಾಂಗ ಇಲಾಖೆ. ಆ ಒಂದು ಹಾಳೆಯಿದ್ದರೆ ಒಪ್ಪಂದಕ್ಕೆ ಸೇರಿದ ಉಳಿದ ದೇಶಗಳೂ ದತ್ತಕವನ್ನು ಮಾನ್ಯ ಮಾಡುತ್ತವೆ.

ಸಾಮಾನ್ಯವಾಗಿ ಹೆತ್ತವರೂ ದತ್ತು ಪಡೆಯುವವರೂ ಮೊದಲೇ ಸಂಪರ್ಕಿಸಬಾರದು ಎಂದು ಹೇಗ್ ಒಪ್ಪಂದ ಹೇಳುತ್ತದೆ, ಆದರೆ ಕುಟುಂಬದೊಳಗಿನ ದತ್ತಕಕ್ಕೆ ಆ ನಿರ್ಬಂಧವಿಲ್ಲ. ದಿನಾ ವಾಟ್ಸ್ಯಾಪ್ ಕರೆ ಮಾಡುತ್ತೀರೆಂದು ಅಂಜಬೇಕಿಲ್ಲ. ಹಣದ ವಿಷಯದಲ್ಲಿ ಮಾತ್ರ ವಿನಾಯಿತಿ ಇಲ್ಲ. ಹೆತ್ತವರ ಒಪ್ಪಿಗೆ ದುಡ್ಡಿನಿಂದಾಗಲಿ ಒತ್ತಾಯದಿಂದಾಗಲಿ ಬಂದಿರಬಾರದು, ತಾಯಿಯ ಒಪ್ಪಿಗೆ ಮಗು ಹುಟ್ಟಿದ ಮೇಲೆಯೇ ಆಗಬೇಕು. ಸೀಮಂತದ ದಿನ ‘ಈ ಮಗು ನಿನಗೇ ಅಕ್ಕಾ’ ಎಂದು ಕೊಟ್ಟ ಮಾತು ಮಾತಷ್ಟೇ. ತಂಗಿಯ ಗಂಡನ ಮನೆಸಾಲದ ಕಂತನ್ನು ಇದೇ ಹೊತ್ತಿಗೆ ನೀವು ಕಟ್ಟಿದ್ದರೆ, ಪ್ರೀತಿಯಿಂದ ಕಟ್ಟಿದ್ದೇ ಆದರೂ, ವಿವರಣೆ ಕೊಡಬೇಕಾದೀತು.

ಆದೇಶ ಸಿಕ್ಕಿತು. ಇನ್ನು ಮಗುವನ್ನು ಕರೆತರುವುದು. ವಿದೇಶಿ ಪಾಸ್‌ಪೋರ್ಟಿನ ಮಗುವಿಗೆ ವೀಸಾ ಬೇಕಿದ್ದರೆ ಅಲ್ಲಿಯ ಭಾರತೀಯ ದೂತಾವಾಸಕ್ಕೆ ಅರ್ಜಿ. ವಲಸೆ ಅನುಮತಿ ಅದೇ ದೂತಾವಾಸದ ಮೂಲಕ ಗೃಹ ಸಚಿವಾಲಯದ ವಿದೇಶಿಯರ ವಿಭಾಗದಿಂದ. ಅಮೆರಿಕದ ದಾಖಲೆಗಳಿಗೆ ಅಲ್ಲೇ ಅಪೋಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ದೃಢಪಡಿಸುವ ಮುದ್ರೆ, ಹಾಕಿಸಿಕೊಂಡು ಬನ್ನಿ, ಇಲ್ಲಿಗೆ ಬಂದಮೇಲೆ ಅದಕ್ಕಾಗಿ ಮತ್ತೆ ಅಲ್ಲಿಗೇ ಕಳಿಸಬೇಕಾಗುತ್ತದೆ. ದತ್ತಕವಾದ ಮಾತ್ರಕ್ಕೆ ಮಗು ಭಾರತದ ಪ್ರಜೆಯಾಗುವುದಿಲ್ಲ. 16 ವರ್ಷದೊಳಗಿನವರ ಅಮೆರಿಕನ್ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ, ನವೀಕರಣಕ್ಕೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಅಮೆರಿಕನ್ ಕಾನ್ಸುಲೇಟ್. ಆಗ ಹೆತ್ತವರ ಜಾಗದಲ್ಲಿ ನಿಮ್ಮ ಹೆಸರಿನ ದಾಖಲೆ ಬೇಕು.

ಭಾರತೀಯ ಪಾಸ್‌ಪೋರ್ಟಿನ ಮಗುವಾದರೆ

ಈಗ ಮಸ್ಕತ್ತಿನ ತಮ್ಮನ ಮಗು. ಮಗುವೂ ನೀವೂ ಭಾರತೀಯರು, ಎರಡು ದಾರಿಗಳಿವೆ.

ಹಿಂದೂಗಳಾದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಕೊಡುವ-ಪಡೆಯುವ ಕ್ರಿಯೆ ನಿಜವಾಗಿ ನಡೆಯಬೇಕು, ದತ್ತಹೋಮ ಕಡ್ಡಾಯವಲ್ಲ. ದತ್ತಕ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಸಾಬೀತು ಮಾಡುವ ಹೊರೆ ತಗ್ಗುತ್ತದೆ. ಬೇರೆ ರೂಢಿ ಇಲ್ಲದಿದ್ದರೆ ಮಗುವಿಗೆ 15 ತುಂಬಿರಬಾರದು. ಗಂಡು ಹೆಣ್ಣುಮಗುವನ್ನು ಅಥವಾ ಹೆಣ್ಣು ಗಂಡುಮಗುವನ್ನು ಪಡೆಯುವಾಗ 21 ವರ್ಷದ ಅಂತರ ಬೇಕು. ಮಗ, ಮೊಮ್ಮಗ ಇರುವವರು ಗಂಡುಮಗುವನ್ನು ಪಡೆಯುವಂತಿಲ್ಲ. ‘ಇದೇ ಪತ್ರ ಅಮೆರಿಕದ ಮಗುವಿಗೂ ಮಾಡಿಸಿಬಿಡಿ, ಮುಗೀತು’ ಎಂದು ಹೇಳುವ ಏಜೆಂಟರು ಸಿಗುತ್ತಾರೆ. ಅಂತರದೇಶೀಯ ದತ್ತಕಗಳೆಲ್ಲ ಬಾಲ ನ್ಯಾಯ ಕಾಯ್ದೆಯಂತೆಯೇ ನಡೆಯಬೇಕೆಂದು ಆ ಕಾಯ್ದೆಯ 56ನೇ ಕಲಮು ಹೇಳುತ್ತದೆ. ಏಜೆಂಟನಿಗೆ ಚಹಾ ಕುಡಿಸಿ ಕಳಿಸಿ.

ಮಗ ಇದ್ದೂ ತಮ್ಮನ ಮಗನನ್ನು ಪಡೆಯಬೇಕೆಂದರೆ, ಅಥವಾ ಕ್ರೈಸ್ತ, ಮುಸ್ಲಿಂ ಕುಟುಂಬವಾದರೆ, ಎರಡನೆಯ ದಾರಿಯಾದ ಬಾಲ ನ್ಯಾಯ ಕಾಯ್ದೆ. ಧರ್ಮದ ಪ್ರಶ್ನೆ ಅಲ್ಲಿಲ್ಲ, 18 ವರ್ಷದವರೆಗಿನ ಮಕ್ಕಳಿಗೂ ಅವಕಾಶವಿದೆ. ಕಾರಾದ ಪೋರ್ಟಲಿನಲ್ಲಿ ನೋಂದಣಿ, ಹೆತ್ತವರ ಒಪ್ಪಿಗೆ ಪತ್ರ, ಮಗುವಿಗೆ ಐದು ದಾಟಿದ್ದರೆ ಅದರ ಒಪ್ಪಿಗೆ, ಆಮೇಲೆ ಮಕ್ಕಳ ರಕ್ಷಣಾ ಘಟಕದ ಮೂಲಕ ಜಿಲ್ಲಾಧಿಕಾರಿಗೆ ಅರ್ಜಿ. 2022ರ ಸೆಪ್ಟೆಂಬರ್ 1ರಿಂದ ದತ್ತಕದ ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ. ವಿಚಾರಣೆ ಗೋಪ್ಯ, ಅರ್ಜಿ ಹಾಕಿದ ಎರಡು ತಿಂಗಳೊಳಗೆ ಇತ್ಯರ್ಥವಾಗಬೇಕು. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ.

ವಿಚಾರಣೆಯ ದಿನ ಮಗುವನ್ನು ಮಾತಾಡಿಸಬಹುದು. ಆರು ವರ್ಷದ ಮಗು ಅಧಿಕಾರಿಯ ಮುಂದೆ ನಿಮ್ಮನ್ನು ‘ದೊಡ್ಡಮ್ಮ’ ಎಂದು ಕರೆದರೆ ಗಾಬರಿಯಾಗಬೇಡಿ, ಹಿಂದಿನ ರಾತ್ರಿ ಕೂರಿಸಿಕೊಂಡು ‘ಅಮ್ಮ ಅನ್ನು’ ಎಂದು ಬಾಯಿಪಾಠವನ್ನೂ ಮಾಡಿಸಬೇಡಿ. ಕೇಳುವುದು ಯಾರ ಜೊತೆ ಇರಲು ಇಷ್ಟ ಎಂದು, ಏನೆಂದು ಕರೆಯುತ್ತೀಯ ಎಂದಲ್ಲ.