ಚಿತ್ರ ಆರಿಸುವ ಮೊದಲು ಗ್ರಂಥಾಲಯಕ್ಕೆ ಹೋಗಿ
ಅಮೆರಿಕದ ಕ್ಯಾಂಪಸ್‌ನಲ್ಲಿ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರ) ಪರಂಪರೆಯ ಮಾಸಕ್ಕೆ (ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15) ಸಿನಿಮಾ ತೋರಿಸುವವರು, ಚಿತ್ರ ಆರಿಸುವ ಮೊದಲೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ: ಸಾರ್ವಜನಿಕ ಪ್ರದರ್ಶನದ ಹಕ್ಕಿರುವ ಸ್ಪ್ಯಾನಿಷ್ ಚಿತ್ರಗಳು ನಿಮ್ಮಲ್ಲಿ ಯಾವುವು? ಮನೆಯ ಸ್ಟ್ರೀಮಿಂಗ್ ಖಾತೆ ಮನೆಯವರೆಗೆ ಮಾತ್ರ. ತರಗತಿಯ ಪಾಠಕ್ಕೆ ಕಾನೂನು ಕೊಡುವ ವಿನಾಯಿತಿ ಸಂಜೆಯ ಮನರಂಜನೆಗೆ ಅನ್ವಯಿಸುವುದಿಲ್ಲ. ‘ನಾವು ಟಿಕೆಟ್ ಮಾರುತ್ತಿಲ್ಲವಲ್ಲ’ ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ. ಶೈಕ್ಷಣಿಕ ವಿತರಕರಿಂದ ಗ್ರಂಥಾಲಯ ಕೊಂಡ ಹಲವು ಡಿವಿಡಿಗಳಿಗೆ, ಗ್ರಂಥಾಲಯಗಳ ಮೂಲಕ ಸಿಗುವ ಕ್ಯಾನಪಿಯಂಥ (Kanopy) ಸ್ಟ್ರೀಮಿಂಗ್ ಸೇವೆಯ ಕೆಲವು ಚಿತ್ರಗಳಿಗೆ ಈ ಹಕ್ಕು ಜೊತೆಗೇ ಬಂದಿರುತ್ತದೆ. ಪರವಾನಗಿಗೆ ಎತ್ತಿಟ್ಟ ಹಣ ತಿಂಡಿಗಾಗುತ್ತದೆ. ಹಾಲಿವುಡ್‌ನ ದೊಡ್ಡ ಚಿತ್ರಗಳಿಗೆ ಈ ದಾರಿ ಸಾಮಾನ್ಯವಾಗಿ ಫಲಿಸದು, ಅವಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಪ್ರವೇಶಕ್ಕೆ ಹಣ ಪಡೆಯುವುದಾದರೆ, ಹೊರಗಿನವರನ್ನು ಕರೆಯುವುದಾದರೆ ಷರತ್ತುಗಳನ್ನು ಮತ್ತೊಮ್ಮೆ ಓದಿ. ಡಬ್ ಆದ ಆವೃತ್ತಿ ಮಾತ್ರ ದಯವಿಟ್ಟು ಬೇಡ. ಧ್ವನಿ ಸ್ಪ್ಯಾನಿಷ್‌ನಲ್ಲೇ ಇರಲಿ, ಅಡಿಬರಹ ಇಂಗ್ಲಿಷ್‌ನಲ್ಲಿರಲಿ. ಸಮತಟ್ಟು ನೆಲದ ಕೋಣೆಯಲ್ಲಿ ಆ ಅಡಿಬರಹ ಮುಂದೆ ಕುಳಿತವರ ತಲೆಗಳ ಹಿಂದೆ ಅಡಗಿಬಿಡುತ್ತದೆ. ಪರದೆಯ ಕೆಳ ಅಂಚು ತಲೆಗಳಿಗಿಂತ ಮೇಲೆ ಬರುವಂತೆ ಏರಿಸಿ, ಕೊನೆಯ ಸಾಲಿನ ಕುರ್ಚಿಯಲ್ಲಿ ಒಮ್ಮೆ ನೀವೇ ಕುಳಿತು ನೋಡಿ.