ಪಾಲ್ ಸ್ಕೀನ್ಸ್ ಎಸೆತಗಳ ಲೆಕ್ಕ: ನನ್ನ ಅನುಭವ

2024ರ ಮೇ 11ರಂದು ಪಿಟ್ಸ್‌ಬರ್ಗ್‌ನ ಪಿಎನ್‌ಸಿ ಪಾರ್ಕ್‌ನಲ್ಲಿ, ಇನ್ನೂ 22 ತುಂಬದ ಬಲಗೈ ಪಿಚರ್ (ಚೆಂಡು ಎಸೆಯುವವ) ಪಾಲ್ ಸ್ಕೀನ್ಸ್ ಪೈರೇಟ್ಸ್ ತಂಡದ ಪರವಾಗಿ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದರು. ಎದುರಾಳಿ ಷಿಕಾಗೊ ಕಬ್ಸ್. ನಾಲ್ಕು ಇನಿಂಗ್ಸ್ ಮುಗಿಸಿ, ಐದನೆಯದರಲ್ಲಿ ಒಬ್ಬರನ್ನೂ ಔಟ್ ಮಾಡುವ ಮೊದಲೇ ಮೈದಾನ ಬಿಟ್ಟ ಅವರ ಹೆಸರಿಗೆ ಮೂರು ರನ್ ಬರೆಯಲಾಯಿತು; ಒಂಬತ್ತು ಇನಿಂಗ್ಸ್‌ಗೆ ಲೆಕ್ಕ ಹಾಕಿದರೆ ಸರಾಸರಿ 6.75, ಪಿಚರ್‌ಗೆ ಕೆಟ್ಟ ಅಂಕಿ. ಆದರೆ ಆ ಮೂರರಲ್ಲಿ ಎರಡು ರನ್ ಬಂದದ್ದು ಅವರ ನಂತರ ಬಂದವರು ಸಾಲಾಗಿ ವಾಕ್ (ನಾಲ್ಕು ಗುರಿತಪ್ಪಿದ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಉಚಿತ ಬೇಸ್) ಕೊಟ್ಟದ್ದರಿಂದ. ಸ್ಕೋರ್‌ಕಾರ್ಡ್ ಹೇಳುವ ಪಿಚರ್ ಬೇರೆ, ನಾನು ಕಂಡ ಪಿಚರ್ ಬೇರೆ ಎನ್ನಿಸಿ, ಅಂದು ಅವರು ಎಸೆದ 84 ಚೆಂಡುಗಳನ್ನೂ ಒಂದೊಂದಾಗಿ ನೋಡಲು ಕುಳಿತೆ.

ಇದಕ್ಕೆ ಬೇಕಾದ ಮಾಹಿತಿಯನ್ನು ಬೇಸ್‌ಬಾಲ್ ಸವಾಂಟ್ ಜಾಲತಾಣ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಅದರ ಹಿಂದಿರುವ, ಎಸೆತಗಳನ್ನು ಅಳೆಯುವ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆ 2020ರಿಂದ ನಡೆಯುತ್ತಿರುವುದು, ಕ್ರಿಕೆಟ್ ನೋಡುವ ನಮಗೆಲ್ಲ ಎಲ್‌ಬಿಡಬ್ಲ್ಯು ತೀರ್ಪುಗಳಿಂದ ಪರಿಚಿತವಾದ ಹಾಕ್-ಐ ಕ್ಯಾಮೆರಾಗಳ ಮೇಲೆ. ಒಂದು ಎಸೆತಕ್ಕೆ ಒಂದು ಸಾಲು; ಆ ಸಾಲಿನಲ್ಲಿ ವೇಗ, ತಿರುಗುವಿಕೆ, ಚೆಂಡು ಕೈ ಬಿಟ್ಟ ಜಾಗ, ಅಡ್ಡಕ್ಕೂ ಲಂಬಕ್ಕೂ ಆದ ಚಲನೆ, ಬ್ಯಾಟರ್ ಪಕ್ಕದ ಪ್ಲೇಟ್ ದಾಟಿದ ಜಾಗ ಎಲ್ಲವೂ ಇರುತ್ತವೆ. ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ಏಳುವುದಿಲ್ಲವಾದ್ದರಿಂದ, ಬ್ಯಾಟರ್‌ಗೆ ಮೋಸವಾಗುವುದೆಲ್ಲ ಗಾಳಿಯಲ್ಲೇ ಆಗಬೇಕು.

ಮೊದಲ ಸಂಜೆಯೇ ಎರಡು ತಪ್ಪು ಮಾಡಿದೆ. ಚಲನೆಯ ಅಂಕಿಗಳು ಅಡಿಯಲ್ಲಿರುವುದನ್ನು ಗಮನಿಸದೆ ಅವನ್ನು ಅಂಗುಲವೆಂದೇ ತಿಳಿದೆ. ನಕ್ಷೆಯಲ್ಲಿ ಎಲ್ಲ ಎಸೆತಗಳೂ ನಡುವಿಗೆ ಬಂದು ಗುಡ್ಡೆ ಬಿದ್ದವು. 12ರಿಂದ ಗುಣಿಸಿದ ಮೇಲೆ ಬೇರೆ ಬೇರೆ ಗುಂಪುಗಳು ಕಾಣಿಸಿದವಾದರೂ ಎಡಬಲ ತಿರುವುಮುರುವಾದಂತಿತ್ತು. ಆ ಅಂಕಿಗಳನ್ನು ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಕಣ್ಣಿನಿಂದ ಬರೆಯುತ್ತಾರೆ. ಹಾಗಾಗಿ ಬಲಗೈ ಪಿಚರ್‌ನ ವೇಗದ ಎಸೆತ ಅವನ ಕೈಯ ಕಡೆಗೆ ಸರಿದರೆ ಅಂಕಿ ಋಣದಲ್ಲಿರುತ್ತದೆ. ಲಂಬ ಚಲನೆಯ ಅಂಕಿಯಲ್ಲಿ ಗುರುತ್ವದ ಪಾಲು ಸೇರಿಲ್ಲವೆಂಬುದನ್ನೂ ನೆನಪಿಡಬೇಕು. ಸುಮಾರು 0.4 ಸೆಕೆಂಡಿನಲ್ಲಿ ಪ್ಲೇಟ್ ತಲುಪುವ ಚೆಂಡು ಗುರುತ್ವದಿಂದಲೇ ಎರಡೂವರೆ ಅಡಿ ಕುಸಿಯುತ್ತದೆ; ತಿರುಗುವಿಕೆ ಆ ಕುಸಿತವನ್ನು ಎಷ್ಟು ತಡೆಯಿತು ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ.

ಅಂದು 17 ಎಸೆತಗಳು ಗಂಟೆಗೆ 100 ಮೈಲಿ ಮುಟ್ಟಿದ್ದವು, ಮರುದಿನ ಎಲ್ಲರೂ ಮಾತಾಡಿದ್ದೂ ಅದನ್ನೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಗುಂಪು: ವೇಗವಾಗಿ ಬಂದು ಕೆಳಗಿಳಿಯುವ ಸಿಂಕರ್‌ಗೂ ಬೆರಳು ಅಗಲಿಸಿ ಹಿಡಿದು ಎಸೆಯುವ ಸ್ಪ್ಲಿಟರ್‌ಗೂ ನಡುವಿನದಾದ್ದರಿಂದ ಸ್ಪ್ಲಿಂಕರ್ ಎಂದು ಹೆಸರಾದ, 94 ಮೈಲಿಯ ಆಸುಪಾಸಿನ ಎಸೆತ. ಎಸೆತದ ಬಗೆಯನ್ನು ಯಂತ್ರವೇ ಗುರುತಿಸಿ ಹೆಸರು ಹಚ್ಚುತ್ತದೆ. ಇಂಥ ನಡುವಿನ ಎಸೆತದ ವಿಷಯದಲ್ಲಿ ಆ ಹೆಸರನ್ನು ಕಣ್ಣುಮುಚ್ಚಿ ನಂಬುವುದು ಸರಿಯಲ್ಲವೆನಿಸಿ, ವೇಗ ಮತ್ತು ಚಲನೆಯನ್ನು ಮಾತ್ರ ಇಟ್ಟುಕೊಂಡು ನಾನೇ ಗುಂಪು ಮಾಡಿದೆ. ಬಳಿಕ ವೇಗದ ಎಸೆತಕ್ಕೆ ಕೆಂಪು, ಸ್ಪ್ಲಿಂಕರ್‌ಗೆ ನೀಲಿ ಬಣ್ಣ ಕೊಟ್ಟು ಎರಡು ನಕ್ಷೆ ಬರೆದೆ. ಚೆಂಡು ಕೈ ಬಿಟ್ಟ ಜಾಗದ ನಕ್ಷೆಯಲ್ಲಿ ಕೆಂಪು, ನೀಲಿ ಚುಕ್ಕೆಗಳು ಬಹುಮಟ್ಟಿಗೆ ಒಂದರ ಮೇಲೊಂದು ಕುಳಿತಿದ್ದವು. ಪ್ಲೇಟ್ ದಾಟುವ ನಕ್ಷೆಯಲ್ಲಿ ನೀಲಿ ಚುಕ್ಕೆಗಳು ಕೆಳಕ್ಕೆ ಜಾರಿದ್ದವು. ಬ್ಯಾಟರ್‌ಗೆ ಆರಂಭದಲ್ಲಿ ಒಂದೇ ಆಗಿ ಕಂಡದ್ದು ಕೊನೆಯಲ್ಲಿ ಎರಡಾಗುತ್ತದೆ.

ಆದರೂ ಈ ಎಸೆತಕ್ಕೆ ನಾನು ಮೊದಲು ನ್ಯಾಯ ಸಲ್ಲಿಸಲಿಲ್ಲ. ಬ್ಯಾಟ್ ಬೀಸಿದವರಲ್ಲಿ ಎಷ್ಟು ಜನ ಚೆಂಡನ್ನು ಮುಟ್ಟಲಾಗದೆ ಹೋದರು ಎಂಬ ಒಂದೇ ಅಳತೆಗೋಲಿನಿಂದ ಎಲ್ಲ ಎಸೆತಗಳನ್ನೂ ತೂಗಿ, ಸ್ಪ್ಲಿಂಕರ್ ಬಗ್ಗೆ ಕೇಳಿದ್ದು ಅತಿಯಾಯಿತೆಂದು ಬರೆದಿಟ್ಟೆ. ಬ್ಯಾಟಿಗೆ ತಗುಲಿದ ಚೆಂಡು ಯಾವ ಕೋನದಲ್ಲಿ ಹಾರಿತು ಎಂಬ ಅಂಕಣವನ್ನು ಸೇರಿಸಿದಾಗ ಅದು ತಪ್ಪೆಂದು ತಿಳಿಯಿತು: ಈ ಎಸೆತವನ್ನು ಮುಟ್ಟಿದವರು ಚೆಂಡನ್ನು ಹೆಚ್ಚಾಗಿ ನೆಲಕ್ಕೇ ಬಡಿಯುತ್ತಿದ್ದರು, ನೆಲದ ಮೇಲೆ ಉರುಳುವ ಚೆಂಡು ಬೇಲಿ ದಾಟಿ ಹೋಮ್ ರನ್ ಆಗಲಾರದು.

ಒಂದೇ ಪಂದ್ಯದ 84 ಸಾಲುಗಳನ್ನು ಬಗೆಬಗೆಯಾಗಿ ಒಡೆದರೆ ಪ್ರತಿ ಗುಂಪಿನಲ್ಲಿ ಉಳಿಯುವುದು ಬೆರಳೆಣಿಕೆಯಷ್ಟು. ಕೈ ಬಿಡುವ ಜಾಗ, ವೇಗ, ಚಲನೆ ಇವು ಕೆಲವೇ ಎಸೆತಗಳಲ್ಲಿ ನಿಲುಕುತ್ತವೆ. ಬ್ಯಾಟರ್ ಏನು ಮಾಡಿದ ಎಂಬುದರ ಶೇಕಡಾವಾರಿಗೆ ತಿಂಗಳುಗಳೇ ಬೇಕು. ಆದ್ದರಿಂದ ಮೊದಲ ವಾರದಲ್ಲಿ ಚೆಂಡಿನ ಆಕಾರದ ಬಗ್ಗೆ ಮಾತ್ರ ಟಿಪ್ಪಣಿ ಬರೆದು, ಫಲಿತಾಂಶದ ಅಂಕಣಗಳನ್ನು ಬದಿಗಿಟ್ಟೆ.

ಮೇ 17ರಂದು ರಿಗ್ಲೀ ಫೀಲ್ಡ್‌ನಲ್ಲಿ ಅದೇ ಕಬ್ಸ್ ತಂಡದ ಮೊದಲ ಏಳು ಬ್ಯಾಟರ್‌ಗಳನ್ನೂ ಸ್ಕೀನ್ಸ್ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಲ್ಲಿ ಔಟ್) ಮಾಡಿದರು. ಆರು ಇನಿಂಗ್ಸ್, 100 ಎಸೆತ, 11 ಸ್ಟ್ರೈಕ್‌ಔಟ್, ಒಂದೂ ಹಿಟ್ ಇಲ್ಲ. ನಕ್ಷೆ ಬರೆಯಲು ಬಳಸಿದ್ದ ಅದೇ ಪ್ರೋಗ್ರಾಂ ಅನ್ನು ಮತ್ತೆ ಓಡಿಸಿ, ಎರಡು ಪಂದ್ಯಗಳ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. 6.75 ಎಂದು ಬರೆಸಿಕೊಂಡ ದಿನ ಕೈ ಬಿಟ್ಟ ಜಾಗದಲ್ಲಿ ಒಂದರ ಮೇಲೊಂದು ಕುಳಿತಿದ್ದ ಕೆಂಪು, ನೀಲಿ ಚುಕ್ಕೆಗಳು ಈ ದಿನವೂ ಹಾಗೆಯೇ ಕುಳಿತಿದ್ದವು.